ಅಜ್ಜಿಯ ಕೋಳಿಯೂ ವಿದ್ಯಾರ್ಥಿಯ ಕ್ಯಾಮರಾವೂ

ಕಳೆದ ರಾಜ್ಯೋತ್ಸವಕ್ಕೆಂದು ಇಲ್ಲಿನ ನಮ್ಮವರ ಮಕ್ಕಳು ಸೇರಿ 12 ನಿಮಿಷದ ಒಂದು ಕಿರುಚಿತ್ರ ತೆಗೆದದ್ದು ವಾಚಕರಲ್ಲಿ ಹಲವರಿಗೆ ನೆನಪಿರಬಹುದು. ಕಾಲೇಜಿನಲ್ಲಿ ಓದುವ ಐದಾರು ಹುಡುಗ ಹುಡುಗಿಯರು, ಒಂದು ಮೊಬೈಲು, ಬಾಡಿಗೆಗೆ ತಂದ ಎರಡು ದೀಪ, ಕತಾರ್‌ಗಾಮ್‌ನ ಹಳೆಯ ಓಣಿಯಲ್ಲಿ ಬೀಗ ಹಾಕಿದ್ದ ಒಂದು ಮನೆ, ಇಷ್ಟೇ ಬಂಡವಾಳ. ಕಥೆ ದೆವ್ವದ್ದು. ಮಂಜಿಗೆ ಊದುಬತ್ತಿಯ ಹೊಗೆ, ಹೆದರಿಕೆಗೆ ಎಲ್ಲಿಂದಲೋ ಎತ್ತಿಕೊಂಡ ಪಿಟೀಲಿನ ಕಿರುಚಾಟ. ಅಜ್ಜನೂ ಮೊಮ್ಮಗನೂ ಎದುರುಬದುರು ಕುಳಿತು ಮಾತನಾಡುವ ದೃಶ್ಯದಲ್ಲಿ ಇಬ್ಬರೂ ತೆರೆಯ ಬಲಕ್ಕೇ ನೋಡುತ್ತಿದ್ದರು. ಅವರು ಒಬ್ಬರೊಡನೊಬ್ಬರು ಮಾತನಾಡುತ್ತಿದ್ದಾರೆಂದು ಅನ್ನಿಸದೆ, ಕಿಟಕಿಯಾಚೆ ನಿಂತ ಮೂರನೆಯವನನ್ನು ಇಬ್ಬರೂ ವಿಚಾರಿಸುತ್ತಿರುವಂತೆ ತೋರಿತು. ಹೆದರಬೇಕಾದಲ್ಲಿ ಸಭೆ ನಕ್ಕಿತು. ಅದರ ಮೇಲೆ, ಕಾರ್ಯಕಾರಿ ಸಮಿತಿಯವರಾದ ನಾವು ಒತ್ತಾಯ ಮಾಡಿ ಕೊನೆಯಲ್ಲಿ ಸೇರಿಸಿದ್ದ ಮೂರು ನಿಮಿಷದ ‘ಕನ್ನಡ ಉಳಿಸಿ’ ಭಾಷಣ ಬಂದಾಗ ಅರ್ಧ ಸಭೆ ಎದ್ದು ಲೋಚೋ ತಿನ್ನಲು ಹೋಯಿತು.

ಚಿತ್ರ ತೆಗೆದ ಹುಡುಗ ಹೊರಗೆ ಬಂದು, “ಕಾಕಾ, ಜನ ಯಾಕ ನಕ್ಕರು?” ಎಂದು ಕೇಳಿದ. “ನೀವು ಸಿನಿಮಾ ನೋಡಿ ನಕಲು ಮಾಡೀರಿ. ಆ ಸಿನಿಮಾದ ಪದ್ಧತಿ ಎಲ್ಲಾ ಬಿಟ್ಟು ನಿಮ್ಮ ಸ್ವಂತದ್ದು ಏನರ ಮಾಡ್ರಿ” ಎಂದು ನಾವು ಹೇಳಿಬಿಟ್ಟೆವು. ಹೇಳುವಾಗ ದೊಡ್ಡ ಮಾತು ಹೇಳಿದೆವೆಂದೇ ನಮ್ಮ ಭಾವನೆ. ಆ ಹುಡುಗ ಯುಗಾದಿಗೂ ಸಂಘದ ಕಡೆ ತಲೆ ಹಾಕಲಿಲ್ಲ. ಆಮೇಲೆ ನಮಗೆ ಸಂದೇಹ ಬಂತು. ಸಿನಿಮಾದ ರೂಢಿಗಳನ್ನೆಲ್ಲ ಬಿಟ್ಟು ಯಾವ ವಿದ್ಯಾರ್ಥಿಯಾದರೂ ಎಂದಾದರೂ ಒಳ್ಳೆಯ ಚಿತ್ರ ಮಾಡಿದ್ದುಂಟೇ? ನಮ್ಮವರ ಚರಿತ್ರೆಯನ್ನೇ ತಿರುವಿ ನೋಡಿದಾಗ ತಿಳಿದುಬಂದದ್ದು, ನಾವು ಆಡಿದ ಮಾತು ತಪ್ಪೆಂಬುದು.

ಮೊದಲಿಗೆ ‘ರೂಢಿ’ ಎಂದರೇನೆಂಬುದನ್ನು ನೋಡೋಣ. ಕಚೇರಿಯಲ್ಲಿ ಕಡತ ಬರೆಯುವ ನಮ್ಮಂಥವರಿಗೆ ಇದು ತಿಳಿಯದ ವಿಷಯವಲ್ಲ. ಟಿಪ್ಪಣಿ ಎಲ್ಲಿಂದ ಪ್ರಾರಂಭವಾಗಬೇಕು, ಸಹಿ ಎಲ್ಲಿ ಬೀಳಬೇಕು ಎಂಬುದಕ್ಕೆಲ್ಲ ಒಂದು ಕ್ರಮವಿದೆ. ಆ ಕ್ರಮ ಬರೆಯುವವನ ಹಿತಕ್ಕಿಂತ ಹೆಚ್ಚಾಗಿ ಓದುವವನ ಹಿತಕ್ಕಾಗಿ ಇರತಕ್ಕದ್ದು. ಸಿನಿಮಾದಲ್ಲಿಯೂ ಹಾಗೆಯೇ. ಇಬ್ಬರು ಎದುರುಬದುರು ಮಾತನಾಡುವಾಗ ಅವರ ನಡುವೆ ಒಂದು ಗೆರೆ ಎಳೆದಂತೆ ಭಾವಿಸಿ, ಕ್ಯಾಮರಾ ಆ ಗೆರೆಯ ಒಂದೇ ಪಕ್ಕದಲ್ಲಿ ಉಳಿಯಬೇಕು. ಆಗ ಒಬ್ಬನು ತೆರೆಯ ಬಲಕ್ಕೂ ಇನ್ನೊಬ್ಬನು ಎಡಕ್ಕೂ ನೋಡುವನು. ಅವರು ಪರಸ್ಪರ ನೋಡುತ್ತಿದ್ದಾರೆಂದು ನಮ್ಮ ಕಣ್ಣು ಒಪ್ಪಿಕೊಳ್ಳುವುದು. ನಮ್ಮ ಹುಡುಗರು ಅರಿಯದೆ ಗೆರೆ ದಾಟಿದ್ದರು, ಅಷ್ಟೇ. ಅಂದಮೇಲೆ ಅವರ ದೋಷ ರೂಢಿಯನ್ನು ಅನುಸರಿಸಿದ್ದಲ್ಲ, ಅನುಸರಿಸದಿದ್ದದ್ದು! ದೆವ್ವದ ಚಿತ್ರ, ಹಾಸ್ಯ ಚಿತ್ರ, ಪೌರಾಣಿಕ ಚಿತ್ರ ಎಂಬ ಪ್ರಕಾರಗಳೂ ಇದೇ ಬಗೆಯ ಒಪ್ಪಂದಗಳು. ಹತ್ತೇ ನಿಮಿಷದಲ್ಲಿ ಕಥೆ ಮುಗಿಸಬೇಕಾದ ವಿದ್ಯಾರ್ಥಿಗೆ, ನೋಡುವವನಿಗೆ ಮೊದಲೇ ತಿಳಿದಿರುವುದೇ ದೊಡ್ಡ ಆಸ್ತಿ.

ಈ ಆಸ್ತಿಯ ಬೆಲೆಯನ್ನು ನಮ್ಮ ಹಿರಿಯರು ಬಲ್ಲವರಾಗಿದ್ದರು. 1913ರಲ್ಲಿ ದಾದಾಸಾಹೇಬ ಫಾಲ್ಕೆಯವರು ಮುಂಬಯಿಯಲ್ಲಿ ತೋರಿಸಿದ್ದು ‘ರಾಜಾ ಹರಿಶ್ಚಂದ್ರ’. ಮೂಕಿ ಚಿತ್ರದಲ್ಲಿ ಮಾತಿಲ್ಲ. ಆದರೆ ಹರಿಶ್ಚಂದ್ರನ ಕಥೆ ತಿಳಿಯದ ಪ್ರೇಕ್ಷಕನೂ ಇರಲಿಲ್ಲ. ಕನ್ನಡದ ಮೊದಲ ವಾಕ್ಚಿತ್ರವಾಗಿ 1934ರಲ್ಲಿ ತೆರೆಕಂಡ ‘ಸತಿ ಸುಲೋಚನಾ’ ರಾಮಾಯಣದ ವಸ್ತು. ರಾಜಕುಮಾರರು ನಾಯಕರಾಗಿ ಬಂದ 1954ರ ‘ಬೇಡರ ಕಣ್ಣಪ್ಪ’ ಗುಬ್ಬಿ ಕಂಪನಿಯ ರಂಗದ ಮೇಲೆ ಜನರ ಮೆಚ್ಚುಗೆ ಪಡೆದು ಬಂದ ಕಥೆ. ಹೊಸ ಯಂತ್ರಕ್ಕೆ ಹಳೆಯ ಕಥೆಯನ್ನು ಜೋಡಿಸಿದ್ದು ಬುದ್ಧಿದಾರಿದ್ರ್ಯದಿಂದಲ್ಲ. ಅದು ಲೆಕ್ಕಾಚಾರದ ಮಾತು.

ಇನ್ನು ಸಿನಿಮಾವನ್ನು ವಿದ್ಯೆಯಾಗಿ ಕಲಿತವರ ವಿಷಯಕ್ಕೆ ಬರೋಣ. ಪುಣೆಯಲ್ಲಿ ಚಲನಚಿತ್ರ ಸಂಸ್ಥೆ ಹುಟ್ಟುವುದಕ್ಕೆ ಬಹಳ ಮೊದಲೇ, 1943ರಲ್ಲಿ ಬೆಂಗಳೂರಿನಲ್ಲಿ ಪ್ರಾರಂಭವಾದ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ ಛಾಯಾಗ್ರಹಣವನ್ನು ಕಲಿಸುತ್ತಿದ್ದರೆಂಬುದು ನಮ್ಮ ಹೆಮ್ಮೆ. ಮೈಸೂರಿನಲ್ಲಿ ಹುಟ್ಟಿದ ವಿ. ಕೆ. ಮೂರ್ತಿಯವರು 1946ರಲ್ಲಿ ಅಲ್ಲಿಂದ ಡಿಪ್ಲೊಮಾ ಪಡೆದು ಮುಂಬಯಿಗೆ ಹೋದರು. ಗುರುದತ್ತರ ‘ಕಾಗಜ್ ಕೆ ಫೂಲ್’ 1959ರಲ್ಲಿ ಬಂದಿತು. ಭಾರತದ ಮೊದಲ ಸಿನೆಮಾಸ್ಕೋಪ್ ಚಿತ್ರ. ಅದರ ಒಂದು ಹಾಡಿನಲ್ಲಿ ಬರಿದಾದ ಸ್ಟುಡಿಯೋದೊಳಗೆ ಮೇಲಿನಿಂದ ಒಂದು ಬೆಳಕಿನ ಕಂಬ ಇಳಿಯುತ್ತದೆ. ಹೊರಗಿನ ಬಿಸಿಲನ್ನೇ ಎರಡು ಕನ್ನಡಿಗಳಿಂದ ತಿರುಗಿಸಿ ಮೂರ್ತಿಯವರು ಅದನ್ನು ಒಳಗೆ ತಂದರು. ಬಿ.ಎಸ್‌ಸಿ. ಓದಿದ ನಮಗೆ ಪತನ ಕೋನ, ಪ್ರತಿಫಲನ ಕೋನ ಎಂದು ಉರುಹೊಡೆದದ್ದಷ್ಟೇ ಗೊತ್ತು. ಅದರಿಂದ ಕಣ್ಣೀರು ತರಿಸಬಹುದೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಮೇಲಿನಿಂದ ಬೆಳಕು ಬಿದ್ದರೆ ದೇವರು ಬಂದನೆಂಬುದು ಪೌರಾಣಿಕ ಚಿತ್ರಗಳ ರೂಢಿ. ಇಲ್ಲಿಯೂ ಅದೇ ಬೆಳಕು; ಆದರೆ ಅದರ ಕೆಳಗೆ ನಿಂತವರು ಎಂದೂ ಒಂದಾಗಲಾರದ ಇಬ್ಬರು ಮನುಷ್ಯರು. ಗುರುತಿನ ಚಿಹ್ನೆಯನ್ನು ಇಟ್ಟುಕೊಂಡು ಅರ್ಥವನ್ನು ಬೇರೆ ಮಾಡಿದರು. 2008ನೆಯ ಸಾಲಿನ ಫಾಲ್ಕೆ ಪ್ರಶಸ್ತಿ ಮೂರ್ತಿಯವರಿಗೆ ಸಂದಿತು. ಛಾಯಾಗ್ರಾಹಕರಲ್ಲಿ ಅದನ್ನು ಪಡೆದವರು ಅವರೇ ಮೊದಲಿಗರು.

ಅದೇ ಪಾಲಿಟೆಕ್ನಿಕ್ಕಿನಲ್ಲಿ 1962ರಲ್ಲಿ ಓದು ಮುಗಿಸಿ ಮೂರ್ತಿಯವರ ಸಹಾಯಕರಾದವರು ಗೋವಿಂದ ನಿಹಲಾನಿ. ಅವರ ಒಂದು ಕೆಲಸ ಗುಜರಾತಿನಲ್ಲಿ ಬಾಳುವ ನಮಗೆ ತೀರ ಹತ್ತಿರದ್ದು. ಇಲ್ಲಿನ 5 ಲಕ್ಷ ಹಾಲು ಉತ್ಪಾದಕರು ತಲಾ 2 ರೂಪಾಯಿ ಹಾಕಿ ನಿರ್ಮಿಸಿದ, ಶ್ಯಾಮ್ ಬೆನಗಲ್ಲರ 1976ರ ‘ಮಂಥನ್’ ಚಿತ್ರಕ್ಕೆ ಕ್ಯಾಮರಾ ಹಿಡಿದವರು ಅವರು. ರಾಜಕೋಟೆಯ ಹತ್ತಿರದ ಸಂಗಾನ್ವಾ ಎಂಬ ಹಳ್ಳಿಯಲ್ಲಿ ಅದರ ಚಿತ್ರೀಕರಣ. ಕ್ಯಾಮರಾದ ಮುಂದೆ ಡಾಕ್ಟರ್ ರಾವ್ ಆಗಿ ನಿಂತವರು ನಮ್ಮ ಗಿರೀಶ ಕಾರ್ನಾಡರು. ರೈಲು ಬಂದು ನಿಲ್ಲುತ್ತದೆ, ಊರಿಗೆ ಅಪರಿಚಿತನೊಬ್ಬ ಇಳಿಯುತ್ತಾನೆ: ಇದು ಅಮೆರಿಕದ ಕುದುರೆ ಸವಾರರ ಚಿತ್ರಗಳಲ್ಲಿ ಸವೆದು ಹೋದ ಪ್ರಾರಂಭ. ಅಲ್ಲಿ ಬಂದವನು ಪಿಸ್ತೂಲಿನಿಂದ ಊರನ್ನು ಉದ್ಧರಿಸಿ ಹೊರಡುವನು. ಇಲ್ಲಿ ಬಂದವನ ಕೈಯಲ್ಲಿರುವುದು ಹಾಲಿನ ಗುಣ ಅಳೆಯುವ ವಿದ್ಯೆ. ಅವನು ಪೂರ್ತಿ ಗೆಲ್ಲದೆಯೇ ಹೊರಟುಹೋಗುತ್ತಾನೆ, ಕೆಲಸವನ್ನು ಊರಿನವರೇ ಮುಂದುವರಿಸಬೇಕಾಗುತ್ತದೆ. ಹಳೆಯ ಬಾಗಿಲಿನಿಂದ ಒಳಗೆ ಕರೆದು ಹೊಸ ಮನೆಯನ್ನು ತೋರಿಸಿದಂತೆ.

ಈ ಚಿತ್ರಕ್ಕೆ ಸ್ವಲ್ಪ ಮುಂಚೆ, 1974–75ರಲ್ಲಿ, ಕಾರ್ನಾಡರು ಪುಣೆಯ ಚಲನಚಿತ್ರ ಮತ್ತು ದೂರದರ್ಶನ ಸಂಸ್ಥೆಯ ನಿರ್ದೇಶಕರಾಗಿದ್ದರು. ಪ್ರಭಾತ್ ಕಂಪನಿಯ ಹಳೆಯ ಸ್ಟುಡಿಯೋದ ಆವರಣದಲ್ಲಿ 1960ರಲ್ಲಿ ಸ್ಥಾಪನೆಯಾದದ್ದು ಈ ಸಂಸ್ಥೆ. ಆಗ ಅಲ್ಲಿ ಕಲಿಯುತ್ತಿದ್ದವರಲ್ಲಿ ತೀರ್ಥಹಳ್ಳಿ ಸೀಮೆಯ ಗಿರೀಶ ಕಾಸರವಳ್ಳಿ ಒಬ್ಬರು. ಮಣಿಪಾಲದಲ್ಲಿ ಔಷಧ ವಿಜ್ಞಾನ ಓದಿ, ಆ ದಾರಿಯನ್ನು ಬಿಟ್ಟು ಪುಣೆಗೆ ಬಂದವರು. ಹೆಗ್ಗೋಡಿನ ನೀನಾಸಂ ಕಟ್ಟಿದ ಕೆ. ವಿ. ಸುಬ್ಬಣ್ಣನವರು ಅವರ ಸೋದರಮಾವ. 1975ರಲ್ಲಿ ವಿದ್ಯಾರ್ಥಿಯಾಗಿ ಅವರು ತೆಗೆದ ‘ಅವಶೇಷ್’ ಎಂಬ ಕಿರುಚಿತ್ರಕ್ಕೆ ರಾಷ್ಟ್ರ ಪ್ರಶಸ್ತಿ ಬಂದಿತು. ಎರಡೇ ವರ್ಷದಲ್ಲಿ, 1977ರಲ್ಲಿ, ಅನಂತಮೂರ್ತಿಯವರ ಕಥೆಯನ್ನಾಧರಿಸಿ ಅವರು ತೆಗೆದ ಮೊದಲ ದೊಡ್ಡ ಚಿತ್ರ ‘ಘಟಶ್ರಾದ್ಧ’ ಸ್ವರ್ಣಕಮಲ ಪಡೆಯಿತು.

‘ಘಟಶ್ರಾದ್ಧ’ದ ಯಮುನಕ್ಕ ಗರ್ಭ ಧರಿಸಿದ ಬಾಲವಿಧವೆ. ಇಂಥ ಹೆಂಗಸಿನ ಕಥೆ ನಮ್ಮ ಕಾದಂಬರಿಗಳಿಗೂ ನಾಟಕಗಳಿಗೂ ಹೊಸದಲ್ಲ. ಆಕೆ ಅಳಬೇಕು, ಹಾಡಬೇಕು, ಕೊನೆಗೆ ಕೆರೆಗೆ ಬೀಳಬೇಕು. ನಾವು ಕರವಸ್ತ್ರ ಒದ್ದೆ ಮಾಡಿಕೊಂಡು ಮನೆಗೆ ಬರಬೇಕು. ಕಾಸರವಳ್ಳಿಯವರು ಆ ಪಾತ್ರವನ್ನು ಬಿಡಲಿಲ್ಲ. ನೋಡುವ ಕಣ್ಣನ್ನು ಬದಲಿಸಿದರು. ವೇದಪಾಠಕ್ಕೆ ಬಂದ ನಾಣಿ ಎಂಬ ಚಿಕ್ಕ ಹುಡುಗನ ಕಣ್ಣಿನಿಂದ ನಾವು ಎಲ್ಲವನ್ನೂ ಕಾಣುತ್ತೇವೆ. ಅವನಿಗೆ ಅರ್ಥವಾಗದ್ದು ನಮಗೆ ಅರ್ಥವಾಗುತ್ತದೆ. ಆ ಅಂತರದಲ್ಲೇ ಚಿತ್ರದ ನೋವಿದೆ.

ಇಲ್ಲಿ ಇನ್ನೊಂದು ಮಾತನ್ನು ಹೇಳದಿದ್ದರೆ ಚರಿತ್ರೆ ಅರ್ಧವಾದೀತು. 1970ರ ‘ಸಂಸ್ಕಾರ’ದ ನಂತರ ಬಂದ ಹೊಸ ಅಲೆಯ ಚಿತ್ರಗಳು ರೂಢಿ ಮುರಿದವೆಂದು ನಾವೆಲ್ಲ ಕೊಂಡಾಡಿದೆವು. ಆದರೆ ಕೆಲವೇ ವರ್ಷಗಳಲ್ಲಿ ಅಗ್ರಹಾರದ ಬೀದಿ, ಕೆಂಪು ಸೀರೆಯ ಮಡಿ ಅಜ್ಜಿ, ನಿಧಾನವಾಗಿ ನಡೆಯುವ ಜನ, ಉದ್ದನೆಯ ಮೌನ ಇವೇ ಒಂದು ಅಚ್ಚಾದವು. ‘ಪ್ರಶಸ್ತಿ ಚಿತ್ರ’ ಎಂಬ ಹೊಸ ಪ್ರಕಾರವೇ ಹುಟ್ಟಿತು. ಕಟ್ಟು ಮುರಿದು ಹೊರಗೆ ಬಂದವನ ಹೆಜ್ಜೆಗುರುತೇ ಹಿಂದಿನಿಂದ ಬರುವವನಿಗೆ ದಾರಿಯಾಗುತ್ತದೆ; ಇದು ಯಾರ ತಪ್ಪೂ ಅಲ್ಲ. ಆದ್ದರಿಂದ ರೂಢಿಯೇ ಇಲ್ಲದ ಚಿತ್ರವನ್ನು ಮಾಡೆಂದು ಹುಡುಗನಿಗೆ ಹೇಳುವುದು, ಮಾತೇ ಇಲ್ಲದ ಭಾಷೆಯಲ್ಲಿ ಮಾತನಾಡೆಂದು ಹೇಳಿದಂತೆ.

ಈಗ ತೀರ ಇತ್ತೀಚಿನ ಸಂಗತಿ. 2024ರ ಮೇ ತಿಂಗಳಲ್ಲಿ ಫ್ರಾನ್ಸಿನ ಕಾನ್ ಚಿತ್ರೋತ್ಸವದಲ್ಲಿ ಎರಡು ಸುದ್ದಿಗಳು ಒಟ್ಟಿಗೆ ಬಂದವು. ದುರಸ್ತಿಗೊಂಡ ‘ಮಂಥನ್’ ಹಳೆಯ ಶ್ರೇಷ್ಠ ಚಿತ್ರಗಳ ವಿಭಾಗದಲ್ಲಿ ಪ್ರದರ್ಶನಗೊಂಡಿತು. ಅದೇ ಉತ್ಸವದ ವಿದ್ಯಾರ್ಥಿ ಚಿತ್ರಗಳ ವಿಭಾಗದಲ್ಲಿ ಪುಣೆ ಸಂಸ್ಥೆಯ ವಿದ್ಯಾರ್ಥಿ, ಮೈಸೂರಿನ ಚಿದಾನಂದ ಎಸ್. ನಾಯ್ಕ್ ಅವರ ಕನ್ನಡ ಕಿರುಚಿತ್ರ ‘ಸನ್‌ಫ್ಲವರ್ಸ್ ವೇರ್ ದಿ ಫಸ್ಟ್ ಒನ್ಸ್ ಟು ನೋ’ ಮೊದಲ ಬಹುಮಾನ ಗಳಿಸಿತು. ಜಗತ್ತಿನ 555 ಶಾಲೆಗಳಿಂದ ಬಂದ 2,263 ಚಿತ್ರಗಳಲ್ಲಿ ಆಯ್ದದ್ದು 18. ಆ 18ರಲ್ಲಿ ಇದು ಮೊದಲನೆಯದು. ನಾಯ್ಕ್ ಅವರು ವೈದ್ಯಕೀಯ ಓದಿ ಬಂದವರು. ಒಂದು ವರ್ಷದ ದೂರದರ್ಶನ ಶಿಕ್ಷಣದ ಕೊನೆಯ ಅಭ್ಯಾಸಕ್ಕಾಗಿ ನಾಲ್ಕೇ ದಿನಗಳಲ್ಲಿ ಚಿತ್ರೀಕರಿಸಿದ, ಸುಮಾರು 16 ನಿಮಿಷದ ಚಿತ್ರವಿದು.

ಕಥೆ ಯಾವುದು? ಊರಿನ ಕೋಳಿಯನ್ನು ಕದ್ದ ಅಜ್ಜಿಯದು! ಕೋಳಿ ಇಲ್ಲದೆ ಊರಿಗೆ ಬೆಳಗೇ ಆಗದು. ಕೋಳಿಯನ್ನು ಮರಳಿ ತರಲು ಅಜ್ಜಿಯ ಮನೆಯವರನ್ನು ಊರ ಹೊರಗೆ ಅಟ್ಟುತ್ತಾರೆ. ತನ್ನ ಕೋಳಿ ಕೂಗದಿದ್ದರೆ ಬೆಳಗಾಗದೆಂದು ತಿಳಿದ ಅಜ್ಜಿಯ ಮಾತನ್ನು ನಾವೆಲ್ಲರೂ ಗಾದೆಯಂತೆ ಬಳಸುತ್ತೇವೆ, ಜಂಬದವರನ್ನು ಹಾಸ್ಯ ಮಾಡಲು. ಈ ವಿದ್ಯಾರ್ಥಿ ಹಾಸ್ಯ ಮಾಡಲಿಲ್ಲ; ಅಜ್ಜಿಯ ಮಾತನ್ನು ನಿಜವೆಂದೇ ಹಿಡಿದ. ಜನಪದ ಕಥೆಯ ಮೊದಲ ರೂಢಿ ಅದೇ ಅಲ್ಲವೇ? ಕಥೆ ಹೇಳುವಾಗ ‘ಅದು ಹೇಗೆ ಸಾಧ್ಯ’ ಎಂದು ಕೇಳಕೂಡದು, ‘ಹೂಂ’ ಎನ್ನಬೇಕು. ಕಾನ್‌ನಲ್ಲಿ ಕುಳಿತ ಪರದೇಶದ ತೀರ್ಪುಗಾರರೂ ‘ಹೂಂ’ ಎಂದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ವೆನಿಸ್ ಉತ್ಸವದಲ್ಲಿ ದುರಸ್ತಿಗೊಂಡ ‘ಘಟಶ್ರಾದ್ಧ’ವನ್ನೂ ತೋರಿಸಿದರು. ಪುಣೆಯಲ್ಲಿ ಕಲಿತ ಇಬ್ಬರು ಕನ್ನಡಿಗರ ಕೆಲಸಗಳು ಸುಮಾರು ಐವತ್ತು ವರ್ಷದ ಅಂತರದಲ್ಲಿ ತಯಾರಾಗಿ, ಒಂದೇ ವರ್ಷದಲ್ಲಿ ಹೊರದೇಶದ ತೆರೆ ಕಂಡವು.

ಇಷ್ಟನ್ನು ಓದಿ ತಿಳಿದ ಮೇಲೆ ನಾವು ಆ ಹುಡುಗನ ಮನೆಗೆ ಹೋದೆವು. ಹೇಳಿದ ಮಾತು ತಪ್ಪೆಂದು ಒಪ್ಪಿಕೊಂಡೆವು. ದೆವ್ವದ ಕಥೆಯನ್ನು ಆರಿಸಿದ್ದು ತಪ್ಪಲ್ಲ. ಆ ಪ್ರಕಾರದ ಹೊಗೆಯನ್ನೂ ಪಿಟೀಲನ್ನೂ ತೆಗೆದುಕೊಂಡು, ‘ಬಾಗಿಲ ಹಿಂದೆ ಏನಿದೆ’ ಎಂದು ಕಾಯಿಸುವ ಅದರ ನಿಯಮವನ್ನು ಬಿಟ್ಟದ್ದು ತಪ್ಪು. ಅದಕ್ಕಿಂತ ದೊಡ್ಡ ತಪ್ಪು ನಮ್ಮ ಭಾಷಣ ಎಂದೆವು. ಹುಡುಗ ನಕ್ಕ. ಇದೇ ಕತಾರ್‌ಗಾಮ್‌ನ ಹೆಸರಾಂತ ಪಾಪಡಿಯನ್ನು ಅವನ ಅಜ್ಜಿ ಮರದಲ್ಲಿ ಸುಲಿಯುತ್ತಾ ಕುಳಿತಿದ್ದರು. ಇಲ್ಲಿನವರಿಗೆ ಅದು ಊಂಧಿಯು, ಅವರಿಗೆ ಅವರೆಕಾಳಿನ ಸಾರು. ಅವರು ಬಾದಾಮಿ ಸೀಮೆಯಿಂದ ಮದುವೆಯಾಗಿ ಬಂದು ಸೂರತ್ತಿನಲ್ಲೇ ಮುಪ್ಪಾದವರು. ಮೊಮ್ಮಗನ ಪುಸ್ತಕದಲ್ಲಿ ಅಜ್ಜಿ ಹೇಳಿದ ಒಂದು ಕಥೆ ಪೂರ್ತಿ ಬರೆದಿತ್ತು. ಮಾತು ಕನ್ನಡದ್ದು, ಅಕ್ಷರ ಗುಜರಾತಿಯವು. ಅವನಿಗೆ ನಮ್ಮ ಲಿಪಿ ಬಾರದು. “ಇದು ನಡೀತದ ಏನ್ ಕಾಕಾ?” ಎಂದ. ನಡೆಯುತ್ತದೆ ಎಂದೆವು. ಲಿಪಿಯನ್ನು ಆಮೇಲೆ ಕಲಿಸಬಹುದು, ಅಜ್ಜಿಯ ದನಿಯನ್ನು ಆಮೇಲೆ ತರಲಾಗದು.

ಬರುವ ರಾಜ್ಯೋತ್ಸವಕ್ಕೆ ಆ ಚಿತ್ರ ಸಿದ್ಧವಾಗುವುದೆಂದು ನಂಬಿದ್ದೇವೆ. ಸದಸ್ಯರಲ್ಲಿ ಒಂದು ವಿನಂತಿ: ತಮ್ಮ ಮನೆಗಳಲ್ಲಿ ಕಥೆ ಹೇಳಬಲ್ಲ ಹಿರಿಯರಿದ್ದರೆ ಈ ಮಕ್ಕಳನ್ನು ಒಂದು ಸಂಜೆ ಕರೆದು ಕೂರಿಸಿಕೊಳ್ಳಬೇಕು. ಸಮಿತಿಯವರಾದ ನಾವು ಈ ಸಲ ಭಾಷಣ ಸೇರಿಸುವುದಿಲ್ಲ.