ನೆಲದ ಹಕ್ಕಿ, ಕಡಲಿನ ಕಟ್ಟೆ

ನಮ್ಮ ಗೊರೇಬಾಳಕ್ಕೂ ಕಡಲಿಗೂ ಬಲು ದೂರ. ಆದರೆ ಕಡಲ ಮೇಲೆ ಹಾರುವ ನಮ್ಮ ಹೆಲಿಕಾಪ್ಟರುಗಳಲ್ಲಿ ಎಷ್ಟೋ ಹುಟ್ಟಿದ್ದು ಬೆಂಗಳೂರಿನ ಎಚ್‌ಎಎಲ್‌ನಲ್ಲಿ. ಅಲ್ಲಿ 1965ರಿಂದ ತಯಾರಾದ ಚೇತಕ್, 1972ರಲ್ಲಿ ನೌಕಾಪಡೆ ಸೇರಿದ ಐಎನ್‌ಎಸ್ ನೀಲಗಿರಿಯಂಥ ಹಡಗುಗಳ ಹಿಂಬದಿಯ ಪುಟ್ಟ ಡೆಕ್ಕಿನಿಂದ ಹಾರುತ್ತಿತ್ತು.

ಏರುವುದಕ್ಕಿಂತ ಇಳಿಯುವುದು ಕಷ್ಟ. ಹಡಗು ಹೊಯ್ದಾಡುತ್ತದೆ, ಹ್ಯಾಂಗರಿಗೆ ಬಡಿದ ಗಾಳಿ ಸುಳಿಯಾಗುತ್ತದೆ, ರಾತ್ರಿ ದಿಗಂತವೇ ಕಾಣದು. ಇಳಿದ ಮೇಲೂ ಜಾರುವ ಭಯ. ಅದಕ್ಕೇ 1960ರ ದಶಕದಲ್ಲಿ ಕೆನಡಾದವರು ಹೆಲಿಕಾಪ್ಟರನ್ನು ಉಕ್ಕಿನ ಹಗ್ಗದಿಂದ ಕೆಳಗೆಳೆದು ಡೆಕ್ಕಿಗೆ ಕಚ್ಚಿ ಹಿಡಿಯುವ 'ಬೇರ್‌ಟ್ರ್ಯಾಪ್' ಮಾಡಿದರು. ಜೊತೆಗೆ ಉಪ್ಪುಗಾಳಿ ಲೋಹವನ್ನು ಸದ್ದಿಲ್ಲದೆ ತಿನ್ನುತ್ತದೆ.

ಬೆಂಗಳೂರಿನದೇ ಧ್ರುವ್ ಕಥೆ ನೋಡಿ. 2024ರ ಸೆಪ್ಟೆಂಬರ್ 2ರ ರಾತ್ರಿ, ಪೋರಬಂದರ್ ಬಳಿ ಟ್ಯಾಂಕರಿನಲ್ಲಿದ್ದ ಗಾಯಾಳುವನ್ನು ತರಲು ಹೋದ ಕರಾವಳಿ ಕಾವಲುಪಡೆಯ ಧ್ರುವ್ ನೀರಿಗೆ ಬಿತ್ತು. ನಾಲ್ವರಲ್ಲಿ ಮೂವರು ಸತ್ತರು. 2025ರ ಜನವರಿ 5ರಂದು ಪೋರಬಂದರ್ ವಿಮಾನ ನಿಲ್ದಾಣದಲ್ಲೇ ಇನ್ನೊಂದು ಬಿದ್ದು ಮತ್ತೆ ಮೂವರು. ಆ ಬಾರಿ ರೋಟರಿನ ರೆಕ್ಕೆಗಳನ್ನು ಹತೋಟಿಯಲ್ಲಿಡುವ ಸ್ವಾಶ್‌ಪ್ಲೇಟ್ ಮುರಿದಿತ್ತು. ಎಲ್ಲ ಧ್ರುವ್‌ಗಳೂ ನೆಲಹಿಡಿದವು. ಮೇ ತಿಂಗಳಲ್ಲಿ ಭೂಸೇನೆ, ವಾಯುಸೇನೆಯವು ಹಾರಿದರೂ ಕಡಲಿನವು ಇನ್ನೂ ಕಾಯಬೇಕಾಯಿತು.

ನೆಲದಲ್ಲಿ ಪಾಸಾದ ಯಂತ್ರಕ್ಕೆ ಕಡಲು ಬೇರೆಯೇ ಪರೀಕ್ಷೆ ಇಡುತ್ತದೆ. ಪ್ರಶ್ನೆಪತ್ರಿಕೆ ಅದರದು, ಪ್ರಾಣ ನಮ್ಮವರದು. ಅಲ್ಲವೇ?