ವಿದೇಶಿ ಓದು: ದೇಶವನ್ನು ಆರಿಸೋದು ರ್‍ಯಾಂಕ್ ಅಲ್ಲ, ವೀಸಾ

ವಿದೇಶದಲ್ಲಿ ಓದೋಕೆ ಹೋಗುವವರು ಒಳ್ಳೆಯ ರ್‍ಯಾಂಕ್ ಇರುವ ವಿಶ್ವವಿದ್ಯಾಲಯ ನೋಡಿ ದೇಶ ಆರಿಸುತ್ತಾರೆ ಅನ್ನೋದು ಸಾಮಾನ್ಯ ನಂಬಿಕೆ. ಸಾಲ ಮಾಡಿ ಹೋಗುವ ಕುಟುಂಬದ ಲೆಕ್ಕವೇ ಬೇರೆ. ಒಟ್ಟು ಖರ್ಚೆಷ್ಟು? ಓದು ಮುಗಿದ ಮೇಲೆ ಅಲ್ಲಿ ಎಷ್ಟು ದಿನ ದುಡಿಯಬಹುದು? ಅಷ್ಟರಲ್ಲಿ ಸಾಲ ತೀರುತ್ತಾ? ಈ ಮೂರು ಪ್ರಶ್ನೆಗಳ ಉತ್ತರ ಇರೋದು ಆಯಾ ದೇಶದ ವೀಸಾ ನಿಯಮದಲ್ಲಿ.

ಯಾವ ದೇಶದಲ್ಲಿ ಏನಿದೆ?

ಅಮೆರಿಕ: 2023-24ರಲ್ಲಿ 3,31,602 ಭಾರತೀಯ ವಿದ್ಯಾರ್ಥಿಗಳಿದ್ದರು, ಚೀನಾವನ್ನು ಹಿಂದಿಕ್ಕಿ ಭಾರತ ಮೊದಲ ಸ್ಥಾನಕ್ಕೆ ಬಂತು. ಪದವಿ ನಂತರ 12 ತಿಂಗಳು ಕೆಲಸ ಮಾಡಬಹುದು. ವಿಜ್ಞಾನ, ತಂತ್ರಜ್ಞಾನ ಓದಿದವರಿಗೆ ಇನ್ನೂ 24 ತಿಂಗಳು. ಆಮೇಲೆ ಹೆಚ್ಚಿನವರು ನೆಚ್ಚಿಕೊಳ್ಳುವ ಎಚ್-1ಬಿ ವೀಸಾಕ್ಕೆ ವರ್ಷಕ್ಕೆ 85,000 ಮಿತಿ.

ಕೆನಡಾ: ಜೀವನ ವೆಚ್ಚಕ್ಕೆ ತೋರಿಸಬೇಕಾದ ಹಣ 2024ರ ಜನವರಿಯಲ್ಲಿ 10,000 ಡಾಲರ್‌ನಿಂದ 20,635 ಡಾಲರ್‌ಗೆ ಏರಿತು. ಅದೇ ತಿಂಗಳು ಸ್ಟಡಿ ಪರ್ಮಿಟ್‌ಗಳಿಗೂ ಮಿತಿ ಬಿತ್ತು.

ಬ್ರಿಟನ್: ಒಂದೇ ವರ್ಷದ ಮಾಸ್ಟರ್ಸ್, ಆಮೇಲೆ 2 ವರ್ಷ ಕೆಲಸದ ಅವಕಾಶ. ಇದೇ ಅದರ ಆಕರ್ಷಣೆ. ಆ 2 ವರ್ಷವನ್ನು 18 ತಿಂಗಳಿಗೆ ಇಳಿಸುವುದಾಗಿ ಸರ್ಕಾರ 2025ರ ಮೇನಲ್ಲಿ ಪ್ರಕಟಿಸಿತು. ಸಂಗಾತಿ, ಮಕ್ಕಳನ್ನು ಕರೆದೊಯ್ಯುವ ಅವಕಾಶ ಬಹುತೇಕ ಕೋರ್ಸ್‌ಗಳಿಗೆ 2024ರಲ್ಲೇ ಹೋಯಿತು.

ಆಸ್ಟ್ರೇಲಿಯಾ: ವೀಸಾ ಅರ್ಜಿ ಶುಲ್ಕವೇ 2024ರ ಜುಲೈನಲ್ಲಿ 710 ಡಾಲರ್‌ನಿಂದ 1,600ಕ್ಕೆ, ಮರುವರ್ಷ 2,000ಕ್ಕೆ ಏರಿತು. ವೀಸಾ ಸಿಗದಿದ್ದರೂ ಈ ದುಡ್ಡು ವಾಪಸ್ ಬರೋದು ಅಪರೂಪ.

ಜರ್ಮನಿ: ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕ ಇಲ್ಲ. ಆದರೂ ಒಂದು ವರ್ಷದ ಖರ್ಚಿಗೆ 11,904 ಯೂರೋವನ್ನು ಮೊದಲೇ ಖಾತೆಯಲ್ಲಿ ಇಡಬೇಕು. ಪದವಿ ನಂತರ ಕೆಲಸ ಹುಡುಕಲು 18 ತಿಂಗಳು ಸಿಗುತ್ತದೆ.

ನಿಯಮ ನಡುವೆ ಬದಲಾದರೆ?

ಹೊಡೆತ ತಿನ್ನೋದು ವಿದ್ಯಾರ್ಥಿಯೇ. ವಿಶ್ವವಿದ್ಯಾಲಯಕ್ಕೆ ಶುಲ್ಕ ಸಂದಾಯವಾಗಿರುತ್ತದೆ, ಏಜೆಂಟ್‌ಗೆ ಕಮಿಷನ್ ಸಿಕ್ಕಿರುತ್ತದೆ, ಬ್ಯಾಂಕಿನ ಬಳಿ ಮನೆಪತ್ರ ಅಡಮಾನ ಇರುತ್ತದೆ. ಈ ದೇಶಗಳ ವಿಶ್ವವಿದ್ಯಾಲಯಗಳಿಗೆ ವಿದೇಶಿ ವಿದ್ಯಾರ್ಥಿಗಳ ಶುಲ್ಕ ಬೇಕು, ಸರ್ಕಾರಗಳಿಗೆ ವಲಸೆ ಕಡಿಮೆ ಮಾಡಿದ ಅಂಕಿಅಂಶ ಬೇಕು. ಚುನಾವಣೆ ಹತ್ತಿರ ಬಂದಾಗ ಮೊದಲು ಕತ್ತರಿ ಬೀಳುವುದು ಮತವಿಲ್ಲದವರ ಮೇಲೆ.

ಸಾಲ ಹುಟ್ಟದವರು ಏನು ಮಾಡಬೇಕು?

ಅಡ ಇಡಲು ಆಸ್ತಿ ಇಲ್ಲದವರಿಗೆ ಈ ಆಯ್ಕೆಗಳು ಹೆಸರಿಗಷ್ಟೇ. ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಪರಿಶಿಷ್ಟ ಜಾತಿ, ಅಲೆಮಾರಿ ಸಮುದಾಯ, ಭೂರಹಿತ ಕೂಲಿಗಳ ಮಕ್ಕಳಿಗಾಗಿ ಇದೆ. ಇಡೀ ದೇಶಕ್ಕೆ ವರ್ಷಕ್ಕೆ 125 ಸೀಟು. 2022ರಲ್ಲಿ ಇದಕ್ಕೊಂದು ಷರತ್ತು ಸೇರಿತು: ಭಾರತದ ಸಂಸ್ಕೃತಿ, ಇತಿಹಾಸ, ಸಮಾಜದ ಕುರಿತ ಅಧ್ಯಯನಕ್ಕೆ ನೆರವಿಲ್ಲ.

1913ರಲ್ಲಿ ಬರೋಡಾ ಮಹಾರಾಜರ ವಿದ್ಯಾರ್ಥಿವೇತನದಿಂದ ಕೊಲಂಬಿಯಾಕ್ಕೆ ಹೋದ ಅಂಬೇಡ್ಕರ್, 1916ರಲ್ಲಿ ಅಲ್ಲಿ ಮಂಡಿಸಿದ್ದು ಭಾರತದ ಜಾತಿಗಳ ಕುರಿತ ಪ್ರಬಂಧ. ಇವತ್ತಿನ ನಿಯಮದಲ್ಲಿ ಆ ವಿಷಯಕ್ಕೆ ದುಡ್ಡು ಸಿಗುತ್ತಿರಲಿಲ್ಲ. ಯಾವ ದೇಶಕ್ಕೆ ಹೋಗಬೇಕು ಅಂತ ಅಳೆದು ತೂಗುವ ಮುಂಚೆ, ಹೋಗುವ ಅವಕಾಶ ಯಾರಿಗಿದೆ ಅಂತಲೂ ಕೇಳಬೇಕು.