ಕಾವೇರಿ ಜಲವಿವಾದ ಮತ್ತು ಕಾನೂನಿನ ಆಳ್ವಿಕೆ

ಮೈಸೂರು ಜಿಲ್ಲೆಯ ನಂಜನಗೂಡನ್ನು ಹಾದ ಕಪಿಲೆ ತಿ. ನರಸೀಪುರದಲ್ಲಿ ಕಾವೇರಿಯನ್ನು ಕೂಡುತ್ತದೆ. ಕೂಡಿ ಹರಿದ ನೀರು ತಮಿಳುನಾಡಿನ ಪಾಲಿಗೆ ಎಷ್ಟು ಸಂದಿತೆಂಬ ಲೆಕ್ಕ ಈಗ ಗಡಿಯ ಬಿಳಿಗುಂಡ್ಲುವಿನಲ್ಲಿ ನಡೆಯುತ್ತದೆ. ಆ ಲೆಕ್ಕದ ಹಿಂದೆ ಶತಮಾನ ಮೀರಿದ ವ್ಯಾಜ್ಯವಿದೆ.

ಮೈಸೂರು ಸಂಸ್ಥಾನ ಮತ್ತು ಮದರಾಸು ಪ್ರಾಂತ್ಯಗಳ ನಡುವೆ 1892ರಲ್ಲಿ ಮೊದಲ ಒಪ್ಪಂದವಾಯಿತು. ಕನ್ನಂಬಾಡಿ ಅಣೆಕಟ್ಟೆಯ ತಕರಾರಿನಲ್ಲಿ 1914ರ ಗ್ರಿಫಿನ್ ತೀರ್ಪು ಮೈಸೂರಿಗೆ ಅನುಕೂಲವಾಗಿತ್ತು. ಮದರಾಸು ಅದನ್ನು ಲಂಡನ್ನಿನವರೆಗೆ ಒಯ್ದಿತು. ಕೊನೆಗೆ 1924ರಲ್ಲಿ ರಾಜಿಯಾಯಿತು. ಒಂದು ಕಡೆ ಬ್ರಿಟಿಷರ ಪ್ರಾಂತ್ಯ, ಇನ್ನೊಂದು ಕಡೆ ಅವರ ಅಧೀನದ ಸಂಸ್ಥಾನ. ಇದನ್ನು ಸಮಾನರ ರಾಜಿ ಎನ್ನುವುದು ಕಷ್ಟ.

ಸ್ವಾತಂತ್ರ್ಯಾನಂತರ ಸಂವಿಧಾನದ 262ನೇ ವಿಧಿ ಮತ್ತು 1956ರ ಅಂತರರಾಜ್ಯ ಜಲವಿವಾದ ಕಾಯ್ದೆ ಇಂಥ ಜಗಳಗಳಿಗೆ ದಾರಿ ತೋರಿದವು. ಆದರೂ ಕಾವೇರಿ ನ್ಯಾಯಮಂಡಳಿ ರಚನೆಯಾದದ್ದು 1990ರ ಜೂನ್ 2ರಂದು, ಅದೂ ಸುಪ್ರೀಂ ಕೋರ್ಟ್ ಸೂಚಿಸಿದ ಮೇಲೆ.

ನಿಜವಾದ ಪರೀಕ್ಷೆ ಬಂದದ್ದು 1991ರಲ್ಲಿ. ದೆಹಲಿಯಲ್ಲಿ ನರಸಿಂಹ ರಾವ್ ಅವರ ಅಲ್ಪಮತದ ಸರ್ಕಾರ ಜೂನ್ 21ರಂದು, ಚೆನ್ನೈಯಲ್ಲಿ ಜಯಲಲಿತಾ ಸರ್ಕಾರ 24ರಂದು ಅಧಿಕಾರಕ್ಕೆ ಬಂದಿದ್ದವು. 25ರಂದು ನ್ಯಾಯಮಂಡಳಿಯ ಮಧ್ಯಂತರ ಆದೇಶ ಹೊರಬಿತ್ತು: ತಮಿಳುನಾಡಿನ ಮೆಟ್ಟೂರು ಜಲಾಶಯಕ್ಕೆ ವರ್ಷಕ್ಕೆ 205 ಟಿಎಂಸಿ ನೀರು ತಲುಪಬೇಕು. ಕರ್ನಾಟಕದ ಮುಖ್ಯಮಂತ್ರಿ ಎಸ್. ಬಂಗಾರಪ್ಪನವರ ಸರ್ಕಾರ ಜುಲೈ 25ರಂದು ಸುಗ್ರೀವಾಜ್ಞೆ ಹೊರಡಿಸಿ, ತನ್ನ ರೈತರ ನೀರಿಗೇ ಮೊದಲ ರಕ್ಷಣೆ ಎಂದಿತು. ನಾಡಿನಲ್ಲಿ ಅದಕ್ಕೆ ಜೈಕಾರ ಸಿಕ್ಕಿತು. ರಾಷ್ಟ್ರಪತಿಗಳು ಸಲಹೆ ಕೇಳಿದಾಗ, ನವೆಂಬರ್ 22ರಂದು ಸುಪ್ರೀಂ ಕೋರ್ಟ್ ಆ ಸುಗ್ರೀವಾಜ್ಞೆ ಸಂವಿಧಾನಬಾಹಿರ ಎಂದು ಹೇಳಿತು. ತನ್ನ ವ್ಯಾಜ್ಯಕ್ಕೆ ರಾಜ್ಯ ತಾನೇ ನ್ಯಾಯಾಧೀಶನಾಗುವುದು ಕಾನೂನಿನ ಆಳ್ವಿಕೆಗೆ ವಿರುದ್ಧ ಎಂಬುದು ಅದರ ತರ್ಕ. ಕನ್ನಡಿಗರಿಗೆ ಕಹಿಯಾದ ಈ ಮಾತೇ ಮುಂದೆ ಕೆಳಗಿನ ರಾಜ್ಯವನ್ನೂ ಕಟ್ಟಿಹಾಕಿತು ಎಂಬುದನ್ನು ಮರೆಯಬಾರದು. ಡಿಸೆಂಬರ್‌ನಲ್ಲಿ ಆದೇಶ ಗೆಜೆಟ್ಟಿನಲ್ಲಿ ಪ್ರಕಟವಾದಾಗ ಬೆಂಗಳೂರು, ಮೈಸೂರು ಕಡೆ ಗಲಭೆಯೆದ್ದಿತು. ತಮಿಳು ಕೂಲಿಕಾರರ ಗುಡಿಸಲುಗಳು ಸುಟ್ಟವು, ಜೀವಗಳು ಹೋದವು, ಸಾವಿರಾರು ಮಂದಿ ಊರು ಬಿಟ್ಟರು. ನ್ಯಾಯಾಲಯ ಸಂವಿಧಾನವನ್ನು ಕಾಯಿತು. ಆ ಗುಡಿಸಲುಗಳನ್ನು ಕಾಯಬೇಕಿದ್ದ ಪೊಲೀಸು ವ್ಯವಸ್ಥೆ ಸೋತಿತು.

ಆದರೆ ಕರ್ನಾಟಕ ನ್ಯಾಯಮಂಡಳಿಯಿಂದ ಎದ್ದುಹೋಗಲಿಲ್ಲ. ದಾಖಲೆ ಮಂಡಿಸುತ್ತ, ವಾದಿಸುತ್ತ ಉಳಿಯಿತು. 2007ರ ಅಂತಿಮ ತೀರ್ಪು ಕರ್ನಾಟಕಕ್ಕೆ 270, ತಮಿಳುನಾಡಿಗೆ 419 ಟಿಎಂಸಿ ಹಂಚಿತು. ಎರಡೂ ರಾಜ್ಯಗಳು ಮೇಲ್ಮನವಿ ಹೋದವು.

2016ರಲ್ಲಿ ತಮಿಳುನಾಡಿಗೆ ನೀರು ಬಿಡಬೇಕೆಂಬ ಸುಪ್ರೀಂ ಕೋರ್ಟ್ ಆದೇಶದಿಂದ ಮತ್ತೆ ಬಿಕ್ಕಟ್ಟು. ಸೆಪ್ಟೆಂಬರ್ 12ರಂದು ಬೆಂಗಳೂರಿನಲ್ಲಿ ಬಸ್ಸುಗಳು ಉರಿದವು. 23ರಂದು ವಿಧಾನಮಂಡಲ ನೀರನ್ನು ಕುಡಿಯಲಷ್ಟೇ ಬಳಸುವ ನಿರ್ಣಯ ಮಾಡಿತು. ಆಗ ರಾಜ್ಯದ ವಕೀಲರಾಗಿದ್ದ ಫಾಲಿ ನಾರಿಮನ್, ಆದೇಶ ಪಾಲನೆಯಾಗದ ಹೊರತು ವಾದಿಸಲು ಒಪ್ಪಲಿಲ್ಲ. ರಾಜ್ಯದ ವಕೀಲರೇ ಹಿಡಿದ ಈ ಪಟ್ಟು ಹೊರಗಿನ ಯಾವ ಒತ್ತಡಕ್ಕೂ ಕಡಿಮೆಯಾದದ್ದಲ್ಲ. ಅಕ್ಟೋಬರ್ ಆರಂಭದಲ್ಲಿ ಸದನ ನಿಲುವು ಸಡಿಲಿಸಿತು.

2018ರ ಫೆಬ್ರವರಿ 16ರ ಸುಪ್ರೀಂ ಕೋರ್ಟ್ ತೀರ್ಪಿನಲ್ಲಿ ಕರ್ನಾಟಕದ ಪಾಲು 284.75 ಟಿಎಂಸಿಗೆ ಏರಿತು. ಬಿಳಿಗುಂಡ್ಲುವಿಗೆ ಬಿಡಬೇಕಾದ ನೀರು 192ರಿಂದ 177.25ಕ್ಕೆ ಇಳಿಯಿತು. ಹೆಚ್ಚಳದಲ್ಲಿ 4.75 ಟಿಎಂಸಿ ಬೆಂಗಳೂರಿನ ಬಾಯಾರಿಕೆಗೆ. ಜಾರಿಯ ಹೊಣೆ ಅದೇ ವರ್ಷ ರಚನೆಯಾದ ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರಕ್ಕೆ ಬಂತು. 2023ರ ಬರದಲ್ಲಿ ಪ್ರಾಧಿಕಾರ ನೀರು ಬಿಡಲು ಹೇಳಿದಾಗ ಬಂದ್‌ಗಳಾದವು, ಧರಣಿಗಳಾದವು. 1991ರಂಥ ದಳ್ಳುರಿ ಏಳಲಿಲ್ಲ.